ಶಿಲ್ಪಿ ರೆಂಜಾಳ ಗೋಪಾಲ ಶೆಣೈ ಮತ್ತು ಬಾಹುಬಲಿಯ ಶಿಲಾಪರಂಪರೆ

ಕನ್ನಡ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಕ್ರಿಯಾಪದವಿದೆ. ಅದು ‘ಮಾಡಿಸಿದಂ’ ಎಂಬುದು. ಅರಸನು ಬಸದಿಯನ್ನು ಮಾಡಿಸಿದನು, ದಂಡನಾಯಕನು ಮಾನಸ್ತಂಭವನ್ನು ನಿಲ್ಲಿಸಿದನು, ಸೆಟ್ಟಿಯು ಪ್ರತಿಮೆಯನ್ನು ಮಾಡಿಸಿದನು. ಮಾಡಿಸಿದವರ ವಂಶ, ಗುರುಪರಂಪರೆ, ದಾನ, ತಿಥಿ, ನಕ್ಷತ್ರಗಳೆಲ್ಲವೂ ಕಲ್ಲಿನಲ್ಲಿ ಉಳಿದಿವೆ. ಆದರೆ ‘ಮಾಡಿದಂ’ ಎಂಬ ಪದವು ಅಪರೂಪ. ಈ ಎರಡು ಪದಗಳ ನಡುವಣ ವ್ಯತ್ಯಾಸವು ‘ಸಿ’ ಎಂಬ ಒಂದೇ ಅಕ್ಷರ. ಆ ಒಂದು ಅಕ್ಷರದ ಹಿಂದೆ ಸಾವಿರಾರು ಶಿಲ್ಪಿಗಳು ಮರೆಯಾಗಿ ಹೋಗಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಆತನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಹೀಗೆ ಕೆಲವರು ತಮ್ಮ ಹೆಸರನ್ನು ಕಲ್ಲಿನ ಮೇಲೆ ಬಿಟ್ಟು ಹೋದುದರಿಂದ ಅವರನ್ನು ಇಂದು ಹೆಸರು ಹಿಡಿದು ಕರೆಯಲು ಸಾಧ್ಯವಾಗಿದೆ. ಉಳಿದವರು ‘ರೂವಾರಿ’ ಎಂಬ ಸಾಮಾನ್ಯನಾಮದೊಳಗೆ ಕರಗಿದ್ದಾರೆ.

ಪ್ರತಿಷ್ಠಾ ಮಹೋತ್ಸವವೊಂದರ ಸಂದರ್ಭದಲ್ಲಿ, ಮೂರ್ತಿಯನ್ನು ಮಾಡಿಸಿದವರನ್ನೂ ಪ್ರತಿಷ್ಠಾಪಿಸಿದವರನ್ನೂ ಸ್ಮರಿಸುವಂತೆಯೇ ಮಾಡಿದವನನ್ನೂ ಸ್ಮರಿಸುವುದು ಉಚಿತವಾದುದು. ಇಪ್ಪತ್ತನೆಯ ಶತಮಾನದಲ್ಲಿ ಬಾಹುಬಲಿಯ ಏಕಶಿಲಾ ಮಹಾಮೂರ್ತಿಯನ್ನು ಕಡೆದು, ತನ್ನ ಹೆಸರಿನೊಡನೆಯೇ ಜನಮನದಲ್ಲಿ ನಿಂತ ಶಿಲ್ಪಿ ಕಾರ್ಕಳದ ರೆಂಜಾಳ ಗೋಪಾಲ ಶೆಣೈ. ಅವರ ಬದುಕು ಮತ್ತು ಕೃತಿ ಕರಾವಳಿಗೆ ಸೇರಿದ್ದಾದರೂ, ಅದರ ಮೂಲತಂತುವೊಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಈ ಸೀಮೆಯವರೆಗೂ, ಕಾಗಿಣಾ ನದಿಯ ದಡದ ಮಳಖೇಡದವರೆಗೂ ಬಂದು ಮುಟ್ಟುತ್ತದೆ. ಆದುದರಿಂದ ಈ ಸೀಮೆಯ ಕಲ್ಲು ಮತ್ತು ಕಥೆಗಳಿಂದಲೇ ವಿಷಯವನ್ನು ಆರಂಭಿಸುವುದು ಸೂಕ್ತ.

ಈ ಸೀಮೆಯ ಕಲ್ಲು

ಕಲಬುರಗಿ ಜಿಲ್ಲೆಯ ಈ ಭಾಗವು ಕಲ್ಲಿನ ನಾಡು. ಭೀಮಾ ಮತ್ತು ಕಾಗಿಣಾ ನದಿಗಳ ಆಸುಪಾಸಿನಲ್ಲಿ ನೆಲವನ್ನು ಒಂದೆರಡು ಆಳು ಅಗೆದರೆ ಪದರ ಪದರವಾಗಿ ಹಾಸಿದ ಸುಣ್ಣಕಲ್ಲು ದೊರೆಯುತ್ತದೆ. ಜನರು ಅದನ್ನು ಪರಸಿ ಎನ್ನುವರು. ಹೊರನಾಡಿನವರು ಶಹಾಬಾದ ಕಲ್ಲೆಂದು ಗುರುತಿಸುವರು. ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಕಡಲಿನ ತಳದಲ್ಲಿ ಕೆಸರು ಮಡುಗಟ್ಟಿ ಗಟ್ಟಿಯಾದ ಕಲ್ಲು ಇದು. ಮನೆಯ ನೆಲ, ಅಟ್ಟ, ಮೆಟ್ಟಿಲು, ಬಾವಿಕಟ್ಟೆ, ಗೋಡೆ ಎಲ್ಲಕ್ಕೂ ಇದೇ ಕಲ್ಲು. ಶಹಾಬಾದ ಮತ್ತು ವಾಡಿಗಳ ಸಿಮೆಂಟ್ ಕಾರ್ಖಾನೆಗಳು ಬೆಳೆದದ್ದೂ ಇದೇ ಸುಣ್ಣಕಲ್ಲಿನ ಬಲದಿಂದ. ಉತ್ತರಕ್ಕೆ ಸರಿದಂತೆ ಚಿಂಚೋಳಿಯ ಗುಡ್ಡಗಳಲ್ಲಿ ನೆಲದ ಸ್ವಭಾವ ಬದಲಾಗಿ, ಕಪ್ಪು ಕಲ್ಲೂ ಅದರ ಮೇಲೆ ಕೆಂಪು ಜಂಬಿಟ್ಟಿಗೆಯೂ ಕಾಣುತ್ತವೆ.

ಕಲ್ಲಿನ ಗುಣವೇ ಶಿಲ್ಪಿಯ ಮೊದಲ ಗುರು. ಪದರುಗಲ್ಲು ಚಪ್ಪಟೆಯಾಗಿ ಸೀಳುತ್ತದೆ. ಫಲಕಕ್ಕೆ ಅದು ಹೇಳಿ ಮಾಡಿಸಿದ ಕಲ್ಲು. ಚಿತ್ತಾಪುರ ತಾಲೂಕಿನ ಸನ್ನತಿ ಮತ್ತು ಅದರ ನೆರೆಯ ಕನಗನಹಳ್ಳಿಗಳಲ್ಲಿ ಪ್ರಾಚೀನ ಶಿಲ್ಪಿಗಳು ಇದನ್ನು ಚೆನ್ನಾಗಿ ಅರಿತಿದ್ದರು. ಅಲ್ಲಿನ ಬೌದ್ಧ ಸ್ತೂಪದ ಸುಣ್ಣಕಲ್ಲಿನ ಫಲಕಗಳ ಮೇಲೆ ಜಾತಕ ಕಥೆಗಳೂ ಅರಸು ಮನೆತನದವರ ಚಿತ್ರಗಳೂ ಉಬ್ಬುಶಿಲ್ಪಗಳಾಗಿ ಮೂಡಿವೆ. ಒಂದು ಫಲಕದಲ್ಲಿ ಪರಿವಾರಸಮೇತನಾಗಿ ನಿಂತ ಅರಸನ ಬಳಿ ‘ರಾಯೋ ಅಸೋಕೋ’ ಎಂದು ಬ್ರಾಹ್ಮೀ ಲಿಪಿಯಲ್ಲಿ ಬರೆದುದು ಜಗತ್ತಿನ ಇತಿಹಾಸಕಾರರ ಗಮನವನ್ನು ಸೆಳೆಯಿತು. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಧರ್ಮಲಿಪಿಯೇ ಬೆಳಕಿಗೆ ಬಂದಿತು. ಮೂರ್ತಿಯನ್ನು ನಿಲ್ಲಿಸಲೆಂದು ಅದರ ನಡುವೆ ಕೊರೆದ ರಂಧ್ರದಿಂದ ಕೆಲವು ಅಕ್ಷರಗಳು ಅಳಿದುಹೋಗಿದ್ದುವು. ಚಕ್ರವರ್ತಿಯ ಮಾತೇ ಹೀಗೆ ಪೀಠದ ಅಡಿಗೆ ಸೇರಬಹುದಾದರೆ, ಉಳಿ ಹಿಡಿದ ಕೈಯ ಹೆಸರು ಉಳಿಯುವುದು ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು.

ಆದರೆ ಎಲ್ಲ ಕಡೆಗಳಿಂದಲೂ ಕಾಣುವಂತೆ ನಿಲ್ಲುವ ಮಹಾಮೂರ್ತಿಗೆ ಪದರುಗಲ್ಲು ಒದಗದು. ಅದಕ್ಕೆ ಬಿರುಕಿಲ್ಲದ, ಒಡಲೆಲ್ಲ ಒಂದೇ ಆದ, ಬೆಟ್ಟದಂಥ ಕಣಶಿಲೆ ಬೇಕು. ಕಾಗಿಣಾ ತೀರದಲ್ಲಿ ಬೆಳೆದ ಬಾಹುಬಲಿಯ ಕಥೆಯು ದಕ್ಷಿಣದ ಬೆಟ್ಟಗಳಲ್ಲಿ ಮೂರ್ತಿಯಾದುದಕ್ಕೆ ಅರಸರ ಇಚ್ಛೆ ಮಾತ್ರವಲ್ಲ, ನೆಲದ ಸ್ವಭಾವವೂ ಕಾರಣವಾಗಿದೆ.

ಮಾನ್ಯಖೇಟದ ಕಥೆ

ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೆಂಬುದು ಸರ್ವವಿದಿತ. ಕ್ರಿ. ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಅದು ವಿದ್ಯೆಯ ಕೇಂದ್ರವಾಯಿತು. ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿ ರೂಪುಗೊಂಡಿತು. ಮಹಾವೀರಾಚಾರ್ಯನ ಗಣಿತಸಾರಸಂಗ್ರಹವು ಅವನ ಕಾಲದ್ದು. ಅವನ ಭಕ್ತಿಗೌರವಗಳಿಗೆ ಪಾತ್ರರಾದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಆದಿಪುರಾಣವನ್ನು ರಚಿಸತೊಡಗಿದರು. ಅವರಿಂದ ಉಳಿದುದನ್ನು ಶಿಷ್ಯರಾದ ಗುಣಭದ್ರಾಚಾರ್ಯರು ಪೂರೈಸಿದರು. ಮುಂದೆ ಮೂರನೆಯ ಕೃಷ್ಣನ ಕಾಲದಲ್ಲಿ, ಮಂತ್ರಿ ಭರತನ ಆಶ್ರಯದಲ್ಲಿ, ಪುಷ್ಪದಂತ ಕವಿಯು ಇದೇ ಮಾನ್ಯಖೇಟದಲ್ಲಿ ಕುಳಿತು ಅಪಭ್ರಂಶ ಭಾಷೆಯ ಮಹಾಪುರಾಣವನ್ನು ಕ್ರಿ. ಶ. 965ರಲ್ಲಿ ಮುಗಿಸಿದನು. ಇದಕ್ಕೆ ಮುನ್ನ, 941ರಲ್ಲಿ, ಪಂಪನ ಆದಿಪುರಾಣವು ಕನ್ನಡದಲ್ಲಿ ಬಂದಿತ್ತು.

ಈ ಪುರಾಣಗಳೆಲ್ಲವುಗಳ ಹೃದಯದಲ್ಲಿರುವುದು ಭರತ ಬಾಹುಬಲಿಯರ ಪ್ರಸಂಗ. ಆದಿತೀರ್ಥಂಕರ ವೃಷಭನಾಥನ ಇಬ್ಬರು ಮಕ್ಕಳು ರಾಜ್ಯಕ್ಕಾಗಿ ಎದುರಾದರು. ಸೇನೆಗಳ ರಕ್ತಪಾತವನ್ನು ತಪ್ಪಿಸಲೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಡೆದುವು. ಮೂರರಲ್ಲಿಯೂ ಬಾಹುಬಲಿಯೇ ಗೆದ್ದನು. ಗೆದ್ದ ಗಳಿಗೆಯಲ್ಲಿಯೇ ಅವನಿಗೆ ಗೆಲವು ಹೇಸಿತು. ರಾಜ್ಯವನ್ನು ಅಣ್ಣನಿಗೆ ಬಿಟ್ಟು ಕಾಯೋತ್ಸರ್ಗದಲ್ಲಿ ನಿಂತನು, ವರ್ಷವೊಂದು ಕಳೆಯಿತು, ಬಳ್ಳಿಗಳು ಮೈಯನ್ನು ಹಬ್ಬಿದುವು, ಹುತ್ತಗಳು ಕಾಲ ಬಳಿ ಎದ್ದುವು.

ಕ್ರಿ. ಶ. 972ರಲ್ಲಿ ಪರಮಾರ ಸೀಯಕನ ಸೈನ್ಯವು ಮಾನ್ಯಖೇಟವನ್ನು ಸೂರೆಗೊಂಡಿತು. ಅರಮನೆಗಳು ಹೋದುವು, ಕಥೆಯು ಉಳಿಯಿತು. ಮಳಖೇಡದ ನೇಮಿನಾಥ ಬಸದಿಯ ಪ್ರಾಚೀನ ಕಂಬಗಳೂ, 96 ಬಿಂಬಗಳನ್ನುಳ್ಳ ಅಲ್ಲಿನ ಪ್ರಸಿದ್ಧ ಲೋಹಮಂಟಪವೂ ಆ ಪರಂಪರೆಯು ನೆಲೆ ತಪ್ಪಲಿಲ್ಲವೆಂಬುದಕ್ಕೆ ಸಾಕ್ಷಿಯಾಗಿವೆ.

ಕಥೆಯು ಕಲ್ಲಾದುದು

ಮಾನ್ಯಖೇಟವು ಹಾಳಾಗಿ ಹತ್ತು ವರ್ಷಗಳು ತುಂಬುವಷ್ಟರಲ್ಲಿ, ಸುಮಾರು 981ರಲ್ಲಿ, ಗಂಗರ ಮಂತ್ರಿ ಚಾವುಂಡರಾಯನು ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ಸುಮಾರು 58 ಅಡಿಗಳ ಗೊಮ್ಮಟಮೂರ್ತಿಯನ್ನು ಮಾಡಿಸಿದನು. ಅಲ್ಲಿ ಬೆಟ್ಟದ ನೆತ್ತಿಯೇ ಮೂರ್ತಿಯಾಯಿತು. ಸಾಗಿಸುವ ಪ್ರಶ್ನೆಯೇ ಬರಲಿಲ್ಲ. ಬಳಿಕ ನಾಲ್ಕೂವರೆ ಶತಮಾನಗಳು ಸಂದುವು. 1432ರ ಫೆಬ್ರವರಿಯಲ್ಲಿ ಕಾರ್ಕಳದ ಅರಸ ವೀರಪಾಂಡ್ಯನು ಸುಮಾರು 42 ಅಡಿಗಳ ಬಾಹುಬಲಿಯನ್ನು ಪ್ರತಿಷ್ಠಾಪಿಸಿದನು. ಈ ಮೂರ್ತಿಯನ್ನು ಬೇರೆಡೆ ಕಡೆದು, ಗಾಲಿಗಳ ಬಂಡಿಯ ಮೇಲೆ ಬೆಟ್ಟಕ್ಕೆ ಏರಿಸಿದ ವೃತ್ತಾಂತವನ್ನು ಚಂದ್ರಮ ಕವಿಯು ಕಾರ್ಕಳದ ಗೊಮ್ಮಟೇಶ್ವರ ಚರಿತೆಯಲ್ಲಿ ವರ್ಣಿಸಿದ್ದಾನೆ. 1604ರಲ್ಲಿ ವೇಣೂರಿನಲ್ಲಿ ಅಜಿಲ ಮನೆತನದ ತಿಮ್ಮಣ್ಣನು ಸುಮಾರು 35 ಅಡಿಗಳ ಮೂರ್ತಿಯನ್ನು ನಿಲ್ಲಿಸಿದನು.

ಮೂರು ಮೂರ್ತಿಗಳು, ಮೂವರು ಮಾಡಿಸಿದವರು. ಮೂವರ ಹೆಸರುಗಳೂ ಶಾಸನಸ್ಥವಾಗಿವೆ. ಮಾಡಿದವರು ಯಾರೆಂಬ ಪ್ರಶ್ನೆಗೆ ಜನಶ್ರುತಿಗಳು ಉತ್ತರ ಕೊಡುತ್ತವೆಯೇ ಹೊರತು ನಿಶ್ಚಿತವಾದ ಲೇಖಗಳಲ್ಲ. ವೇಣೂರಿನ ಬಳಿಕ ಮೂರೂವರೆ ಶತಮಾನಗಳಿಗೂ ಮಿಕ್ಕಿದ ಕಾಲ ಕರಾವಳಿಯಲ್ಲಿ ಇಂಥ ಮಹಾಮೂರ್ತಿ ಏಳಲಿಲ್ಲ. ವಿದ್ಯೆಯೇ ಅಳಿದಿದೆಯೆಂದು ಯಾರಾದರೂ ಹೇಳಿದ್ದರೆ ಅದನ್ನು ಅಲ್ಲಗಳೆಯುವುದು ಕಷ್ಟವಾಗುತ್ತಿತ್ತು.

ಕಾರ್ಕಳದ ಶಿಲ್ಪಿ

ಗೋಪಾಲ ಶೆಣೈಯವರು 1896ರಲ್ಲಿ ಜನಿಸಿದರು. ಅವರ ಹೆಸರಿನ ಮೊದಲಿಗಿರುವ ರೆಂಜಾಳವು ಕಾರ್ಕಳದ ಸಮೀಪದ ಗ್ರಾಮ. ಕಾರ್ಕಳವೆಂದರೆ ಬಂಡೆಗಳ ಊರು. ಊರಿನ ಯಾವ ಕಡೆಯಿಂದ ನೋಡಿದರೂ ಬೋಳುಬಂಡೆಯ ಬೆಟ್ಟದ ಮೇಲೆ ವೀರಪಾಂಡ್ಯನ ಬಾಹುಬಲಿಯು ಕಾಣುತ್ತಾನೆ. ಇದಿರಿನ ದಿಣ್ಣೆಯ ಮೇಲೆ ನಾಲ್ಕು ದಿಕ್ಕುಗಳಿಗೂ ಬಾಗಿಲುಗಳುಳ್ಳ ಚತುರ್ಮುಖ ಬಸದಿ. ಹಿರಿಯಂಗಡಿಯಲ್ಲಿ ಏಕಶಿಲೆಯ ಮಾನಸ್ತಂಭ. ಅದೇ ಊರಿನಲ್ಲಿ ಗೌಡ ಸಾರಸ್ವತ ಸಮಾಜದ ವೆಂಕಟರಮಣ ದೇವಾಲಯವಿದೆ. ಕಣ್ಣು ತೆರೆದರೆ ಕಲ್ಲು, ಕಲ್ಲಿನಲ್ಲಿ ದೇವರು, ಹೀಗೆ ಬೆಳೆದ ಊರಿನವರಿಗೆ ಶಿಲ್ಪಶಾಲೆಯು ಊರೇ ಆಗಿರುತ್ತದೆ.

ಶೆಣೈಯವರು ಗೌಡ ಸಾರಸ್ವತ ಸಮಾಜಕ್ಕೆ ಸೇರಿದವರು. ಕಲ್ಲುಕೆಲಸವನ್ನು ಕುಲವೃತ್ತಿಯಾಗಿ ಪಡೆದ ವಿಶ್ವಕರ್ಮ ಸಮಾಜದವರಲ್ಲ. ಬಾಹುಬಲಿಯನ್ನು ಆರಾಧಿಸುವ ಜೈನ ಸಮಾಜದವರೂ ಅಲ್ಲ. ವೃತ್ತಿಯಿಂದಲೂ ಮತದಿಂದಲೂ ಹೊರಗಿನವರೆನ್ನಬಹುದಾದ ಒಬ್ಬರು ಈ ಕಾಲದ ಅತಿದೊಡ್ಡ ಜಿನಶಿಲ್ಪಗಳಲ್ಲೊಂದನ್ನು ಕಡೆದರೆಂಬುದು ಇತಿಹಾಸದ ದೃಷ್ಟಿಯಿಂದ ಗಮನಾರ್ಹ. ವಿದ್ಯೆಯು ಹುಟ್ಟಿನಿಂದ ಸುಲಭವಾಗಬಹುದು. ಆದರೆ ಅದು ನಿಷ್ಠೆಗೆ ಒಲಿಯುವಷ್ಟು ಹುಟ್ಟಿಗೆ ಒಲಿಯದೆಂಬುದಕ್ಕೆ ಅವರ ಜೀವನವೇ ನಿದರ್ಶನ.

ಎಪ್ಪತ್ತರ ನಂತರದ ಮಹಾಕಾರ್ಯ

ಧರ್ಮಸ್ಥಳದ ಧರ್ಮಾಧಿಕಾರಿಗಳಾಗಿದ್ದ ರತ್ನವರ್ಮ ಹೆಗ್ಗಡೆಯವರು ಕ್ಷೇತ್ರದಲ್ಲಿ ಬಾಹುಬಲಿಯ ಮೂರ್ತಿಯೊಂದನ್ನು ನಿಲ್ಲಿಸಲು ಸಂಕಲ್ಪಿಸಿ, ಆ ಕಾರ್ಯವನ್ನು ಶೆಣೈಯವರಿಗೆ ಒಪ್ಪಿಸಿದರು. 1967ರಲ್ಲಿ ಕೆಲಸವು ಆರಂಭವಾಯಿತು. ಶಿಲ್ಪಿಗೆ ಆಗ ಎಪ್ಪತ್ತು ವರ್ಷ ದಾಟಿತ್ತು. ಇತರರು ಉಳಿಯನ್ನು ಕೆಳಗಿಡುವ ವಯಸ್ಸಿನಲ್ಲಿ ಅವರು ತಮ್ಮ ಜೀವನದ ಅತಿದೊಡ್ಡ ಕೆಲಸಕ್ಕೆ ಕೈಯಿಕ್ಕಿದರು.

ಕಾರ್ಕಳದ ಬಳಿಯ ಮಂಗಲಪಾದೆಯ ಬಂಡೆಯು ಮೂರ್ತಿಗೆ ಆಯ್ಕೆಯಾಯಿತು. ಮೂರ್ತಿಯ ಎತ್ತರ 39 ಅಡಿ. ತೂಕ ಸುಮಾರು 170 ಟನ್. ಇಷ್ಟು ದೊಡ್ಡ ಕಲ್ಲಿನಲ್ಲಿ ಶಿಲ್ಪಿಗೆ ಎದುರಾಗುವ ಮೊದಲ ಶತ್ರು ಕಾಣದ ದೋಷ. ಹೊರಗೆ ನಿರ್ದುಷ್ಟವಾಗಿ ಕಾಣುವ ಬಂಡೆಯ ಒಡಲಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ವರ್ಷಗಳ ಶ್ರಮವು ಒಂದೇ ಪೆಟ್ಟಿನಿಂದ ವ್ಯರ್ಥವಾಗುವುದು. ಶಿಲ್ಪಶಾಸ್ತ್ರಗಳು ಶಿಲಾಪರೀಕ್ಷೆಯನ್ನು ವಿಸ್ತಾರವಾಗಿ ಹೇಳಿರುವುದು ಇದಕ್ಕಾಗಿಯೇ. ಕಲ್ಲನ್ನು ತಟ್ಟಿದಾಗ ಹೊಮ್ಮುವ ನಾದವನ್ನು ಆಲಿಸಿ ಪುಂಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ವಿಂಗಡಿಸುವರು. ಗಂಟೆಯಂತೆ ಮೊಳಗುವ ಕಲ್ಲು ಒಳಗೆ ಗಟ್ಟಿಯಾಗಿದೆ. ಒಡಕು ದನಿಯ ಕಲ್ಲು ಮೂರ್ತಿಗೆ ಸಲ್ಲದು. ಶಾಸ್ತ್ರದ ಮಾತೆಂದು ಕಾಣುವ ಇದರ ಹಿಂದೆ ಇರುವುದು ಅನುಭವದ ಮಾತು.

1968ರಲ್ಲಿ ರತ್ನವರ್ಮ ಹೆಗ್ಗಡೆಯವರು ಸ್ವರ್ಗಸ್ಥರಾದರು. ಕಾರ್ಯವು ಆರಂಭವಾಗಿ ಒಂದು ವರ್ಷವಷ್ಟೇ ಆಗಿದ್ದಿತು. ಮಾಡಿಸಹೊರಟವರು ಇಲ್ಲವಾದರು, ಎದುರಿಗಿದ್ದುದು ಇನ್ನೂ ಮುಖ ಮೂಡದ ಬಂಡೆ. ಪಟ್ಟಕ್ಕೆ ಬಂದ ಪುತ್ರ ವೀರೇಂದ್ರ ಹೆಗ್ಗಡೆಯವರಿಗೆ ಆಗ ಇಪ್ಪತ್ತು ವರ್ಷ. ಎಪ್ಪತ್ತು ದಾಟಿದ ಶಿಲ್ಪಿ ಮತ್ತು ಇಪ್ಪತ್ತರ ಧರ್ಮಾಧಿಕಾರಿ, ಇವರಿಬ್ಬರ ಕಾಲದಲ್ಲಿ ಕೆಲಸವು ನಿಲ್ಲದೆ ಮುಂದುವರಿಯಿತು. 1973ರಲ್ಲಿ ಮೂರ್ತಿಯು ಪೂರ್ಣಗೊಂಡಿತು. ಶಿಲ್ಪಿಗೆ ಆಗ ಎಪ್ಪತ್ತೇಳರ ವಯಸ್ಸು.

ಆಮೇಲೆ ಬಂದುದು ಸಾಗಣೆಯ ಪ್ರಶ್ನೆ. ಕಾರ್ಕಳದಿಂದ ಧರ್ಮಸ್ಥಳಕ್ಕೆ ಸುಮಾರು 60 ಕಿಲೋಮೀಟರ್ ದಾರಿ. ಏರಿಳಿತಗಳೂ ತಿರುವುಗಳೂ ಸೇತುವೆಗಳೂ ತುಂಬಿದ ಕರಾವಳಿಯ ಹಾದಿ. ಹಲವು ಗಾಲಿಗಳ ಭಾರೀ ಟ್ರಾಲಿಯ ಮೇಲೆ ಮೂರ್ತಿಯನ್ನು ಮಲಗಿಸಿ ಸಾಗಿಸಲಾಯಿತು. ಚಂದ್ರಮ ಕವಿಯು ವರ್ಣಿಸಿದ ಗಾಲಿಬಂಡಿಯ ಪ್ರಸಂಗವು ಐದು ಶತಮಾನಗಳ ಬಳಿಕ ಯಂತ್ರಯುಗದ ರೂಪದಲ್ಲಿ ಮತ್ತೊಮ್ಮೆ ನಡೆಯಿತು. ದಾರಿಯುದ್ದಕ್ಕೂ ಜನರು ನೆರೆದು ನೋಡಿದ ಆ ಮೆರವಣಿಗೆಯ ನೆನಪು ದಕ್ಷಿಣ ಕನ್ನಡದ ಹಿರಿಯರಲ್ಲಿ ಇಂದಿಗೂ ಮಾಸಿಲ್ಲ.

ಸೃಷ್ಟಿಯ ದೃಷ್ಟಿ

ಶಿಲ್ಪಿಯ ತತ್ತ್ವವನ್ನು ಅವನ ಮಾತಿಗಿಂತ ಅವನ ಕೃತಿಯಲ್ಲಿ ಓದುವುದು ಹೆಚ್ಚು ನಂಬಲರ್ಹವಾದ ಮಾರ್ಗ. ಬಾಹುಬಲಿಯ ಮೂರ್ತಿಯು ಶಿಲ್ಪಿಗೆ ಒಡ್ಡುವ ಪರೀಕ್ಷೆಯು ವಿಚಿತ್ರವಾದುದು. ಬೇಲೂರಿನ ಮದನಿಕೆಯಲ್ಲಿ ಆಭರಣವಿದೆ, ಭಂಗಿಯಿದೆ, ಎಲೆಬಳ್ಳಿಗಳ ತೋರಣವಿದೆ. ಕೌಶಲ್ಯವನ್ನು ಮೆರೆಸಲು ಅಲ್ಲಿ ಅಂಗುಲ ಅಂಗುಲದಲ್ಲಿಯೂ ಅವಕಾಶವುಂಟು. ಬಾಹುಬಲಿಗೆ ಕಿರೀಟವಿಲ್ಲ, ಆಯುಧವಿಲ್ಲ, ವಾಹನವಿಲ್ಲ, ವಸ್ತ್ರವಿಲ್ಲ. ಸಮಭಂಗದಲ್ಲಿ ನೆಟ್ಟಗೆ ನಿಂತ ದೇಹ, ತೊಡೆಗಳ ಪಕ್ಕದಲ್ಲಿ ಇಳಿದ ತೋಳುಗಳು, ಅರೆದೆರೆದ ಕಣ್ಣುಗಳು, ತುಟಿಯಲ್ಲಿ ಇದೆಯೋ ಇಲ್ಲವೋ ಎಂಬಷ್ಟು ಮಂದಹಾಸ. ಕಾಲುಗಳನ್ನೂ ತೋಳುಗಳನ್ನೂ ಹಬ್ಬಿದ ಬಳ್ಳಿಯೊಂದೇ ಅಲಂಕಾರ. ಅದೂ ಅಲಂಕಾರವಲ್ಲ, ಕಾಲವು ಸರಿದುದರ ಗುರುತು. ಅಲಂಕಾರವಿರುವಲ್ಲಿ ತಪ್ಪೊಂದು ಅಡಗಿಕೊಳ್ಳಬಹುದು. ಬರಿಮೈಯಲ್ಲಿ ಅಡಗಲು ತಾವಿಲ್ಲ. ಹತ್ತಾರು ಅಡಿಗಳ ನಯವಾದ ಶಿಲೆಯ ಮೇಲೆ ಉಳಿಯು ಒಂದು ಕಡೆ ಹೆಚ್ಚು ಆಳಕ್ಕೆ ಇಳಿದರೆ ಅದನ್ನು ಮರಳಿ ತುಂಬಲಾಗದು.

ಇಲ್ಲಿಯೇ ಶಿಲ್ಪಿಯ ದರ್ಶನವೂ ಜಿನದರ್ಶನವೂ ಸಂಧಿಸುತ್ತವೆ. ಚಿತ್ರಕಾರನು ಬಣ್ಣವನ್ನು ಸೇರಿಸುತ್ತಾನೆ. ಎರಕದವನು ಲೋಹವನ್ನು ತುಂಬುತ್ತಾನೆ. ಕಲ್ಲುಕುಟಿಗನು ಮಾತ್ರ ತೆಗೆಯುತ್ತಾನೆ. ಬೇಡವಾದುದನ್ನು ತೆಗೆದು ತೆಗೆದು, ಇನ್ನು ತೆಗೆಯಲು ಏನೂ ಉಳಿಯಲಿಲ್ಲವೆಂದಾಗ ಮೂರ್ತಿಯು ಕಾಣುತ್ತದೆ. ಕರ್ಮದ ಪದರುಗಳು ಕಳಚಿದಾಗ ಆತ್ಮದ ಸ್ವರೂಪವು ಪ್ರಕಟವಾಗುವುದೆಂಬ ಜೈನರ ನಿರ್ಜರೆಯ ಕಲ್ಪನೆಗೆ ಇದಕ್ಕಿಂತ ಹತ್ತಿರದ ದೃಷ್ಟಾಂತವು ದೊರೆಯಲಾರದು. ಜೈನರಲ್ಲದ ಶಿಲ್ಪಿಯೊಬ್ಬರ ಉಳಿಯಲ್ಲಿ ಈ ತತ್ತ್ವವು ಕೆಲಸ ಮಾಡಿತೆಂಬುದರಲ್ಲಿ ಆಶ್ಚರ್ಯವಿಲ್ಲ. ಅದು ಕಲ್ಲಿನ ಕೆಲಸದ ಒಳಗೇ ಅಡಗಿರುವ ತತ್ತ್ವ.

ಪರಂಪರೆ ಮತ್ತು ಸ್ವಾತಂತ್ರ್ಯಗಳ ಪ್ರಶ್ನೆಯೂ ಇದೆ. ತಾಲಮಾನದ ಲೆಕ್ಕದಲ್ಲಿ ಮೂರ್ತಿಯ ಪ್ರಮಾಣಗಳು ಮೊದಲೇ ನಿಶ್ಚಿತವಾಗಿರುತ್ತವೆ. ಒಂದು ತಾಲಕ್ಕೆ 12 ಅಂಗುಲ. ನವತಾಲಕ್ಕೆ 108, ದಶತಾಲಕ್ಕೆ 120 ಅಂಗುಲ. ಮುಖವೆಷ್ಟು, ಕೊರಳೆಷ್ಟು, ನಾಭಿಯವರೆಗೆ ಎಷ್ಟು ಎಂಬುದನ್ನು ಶಾಸ್ತ್ರವು ಹೇಳುತ್ತದೆ. ಆದರೆ ಮಹಾಮೂರ್ತಿಯನ್ನು ಜನರು ನೋಡುವುದು ಪಾದದ ಬಳಿ ನಿಂತು, ತಲೆಯೆತ್ತಿ. ಹಾಗೆ ನೋಡುವ ಕಣ್ಣಿಗೆ ಮೇಲಿನ ಅಂಗಗಳು ಕಿರಿದಾಗಿ ತೋರುತ್ತವೆ. ಶಾಸ್ತ್ರದ ಅಂಗುಲವನ್ನೂ ಭಕ್ತನ ಕಣ್ಣನ್ನೂ ಹೊಂದಿಸುವ ಹೊಣೆ ಶಿಲ್ಪಿಯದು. ಇದಕ್ಕೆ ಮೇಲಾಗಿ, ಕಡೆದ ಸ್ಥಳವೊಂದು, ನಿಲ್ಲುವ ಸ್ಥಳ ಇನ್ನೊಂದು. ಧರ್ಮಸ್ಥಳದ ಬೆಟ್ಟದ ಮೇಲೆ, ತೆರೆದ ಆಕಾಶದ ಕೆಳಗೆ, ಬೆಳಗಿನ ಮತ್ತು ಸಂಜೆಯ ಬಿಸಿಲಿನಲ್ಲಿ ಅದು ಹೇಗೆ ಕಾಣುವುದೆಂಬುದನ್ನು ಮಂಗಲಪಾದೆಯಲ್ಲಿಯೇ ಮನಸ್ಸಿನಲ್ಲಿ ಕಾಣಬೇಕು. ಇದಲ್ಲದೆ ಬೆಳಗೊಳ, ಕಾರ್ಕಳ, ವೇಣೂರುಗಳ ಮೂರ್ತಿಗಳನ್ನು ಕಂಡವರೇ ಹೊಸ ಮೂರ್ತಿಯನ್ನೂ ನೋಡುವವರು. ಹಳೆಯದನ್ನು ನಕಲು ಮಾಡಿದರೆ ನಿರ್ಜೀವವೆನ್ನುವರು. ಹೊಸದನ್ನು ಮಾಡಿದರೆ ಬಾಹುಬಲಿಯಲ್ಲವೆನ್ನುವರು. ಈ ಇಕ್ಕಟ್ಟಿನ ನಡುವೆ ಶೆಣೈಯವರು ಹಿರಿಯರ ಸಾಲನ್ನು ಬಿಡದೆ, ಆ ಸಾಲಿನಲ್ಲಿಯೇ ನಾಲ್ಕನೆಯ ಸ್ಥಾನಕ್ಕೆ ಯೋಗ್ಯವಾದ ಮೂರ್ತಿಯನ್ನು ನಿರ್ಮಿಸಿದರು. ಯಾತ್ರಿಕರು ನಾಲ್ಕನ್ನೂ ಒಂದೇ ಪರಂಪರೆಯ ಮೂರ್ತಿಗಳೆಂದು ಭಾವಿಸಿ ಕೈಮುಗಿಯುತ್ತಿರುವುದೇ ಅದಕ್ಕೆ ಸಂದ ಮನ್ನಣೆ.

ಒಪ್ಪಿಸಿಕೊಡುವ ಗಳಿಗೆ

1981ರಲ್ಲಿ ಶ್ರವಣಬೆಳಗೊಳದ ಮೂರ್ತಿಯ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕವು ನಡೆಯಿತು. ಮರುವರ್ಷ, 1982ರ ಫೆಬ್ರವರಿಯಲ್ಲಿ, ಧರ್ಮಸ್ಥಳದ ಬಾಹುಬಲಿಯ ಪ್ರತಿಷ್ಠೆಯು ನೆರವೇರಿತು. ಕೆತ್ತನೆ ಮುಗಿದ ವರ್ಷಕ್ಕೂ ಪ್ರತಿಷ್ಠೆಯ ವರ್ಷಕ್ಕೂ ಒಂಬತ್ತು ವರ್ಷಗಳ ಅಂತರ.

ಪಂಚಕಲ್ಯಾಣ ವಿಧಿಯನ್ನು ಬಲ್ಲವರಿಗೆ ಈ ಅಂತರದ ಅರ್ಥವು ತಿಳಿದೇ ಇರುತ್ತದೆ. ಗರ್ಭ, ಜನ್ಮ, ದೀಕ್ಷಾ, ಕೇವಲಜ್ಞಾನ, ಮೋಕ್ಷ ಎಂಬ ಐದು ಕಲ್ಯಾಣಗಳ ಸಂಸ್ಕಾರವಾಗುವವರೆಗೆ ಬಿಂಬವು ಶಿಲ್ಪಿಯ ಕೃತಿ. ಅದನ್ನು ಮುಟ್ಟಬಹುದು, ತಿದ್ದಬಹುದು, ಅದರ ಗುಣದೋಷಗಳನ್ನು ಚರ್ಚಿಸಬಹುದು. ನೇತ್ರೋನ್ಮೀಲನವಾದ ಬಳಿಕ ಅದು ಪೂಜ್ಯ. ಅಲ್ಲಿಂದ ಮುಂದೆ ಉಳಿಗೆ ಪ್ರವೇಶವಿಲ್ಲ. ಯಾವ ಕೈಯ ಕೆಳಗೆ ಆ ಮುಖವು ಮೂಡಿತೋ ಆ ಕೈಯೇ ಜನಸಂದಣಿಯಲ್ಲಿ ದೂರ ನಿಂತು ಮುಗಿಯಬೇಕು. ಕವಿಯು ತನ್ನ ಕಾವ್ಯವನ್ನು ಮರಳಿ ತಿದ್ದಬಲ್ಲನು. ಗಾಯಕನು ಮರಳಿ ಹಾಡಬಲ್ಲನು. ಮೂರ್ತಿಶಿಲ್ಪಿಯು ಮಾತ್ರ ತನ್ನ ಅತ್ಯುತ್ತಮ ಕೃತಿಯನ್ನು ಪೂರ್ಣವಾಗಿ ಬಿಟ್ಟುಕೊಡಲೆಂದೇ ಮಾಡುತ್ತಾನೆ. ಗೆದ್ದುದನ್ನು ಬಿಟ್ಟು ನಡೆದ ಬಾಹುಬಲಿಯನ್ನು ಕಡೆದವರಿಗೆ ಈ ಪಾಠವನ್ನು ಬೇರೆಯವರು ಹೇಳಬೇಕಾಗಿಲ್ಲ.

ಸಂಕಲ್ಪಿಸಿದ ರತ್ನವರ್ಮ ಹೆಗ್ಗಡೆಯವರಿಗೆ ಆ ದಿನವನ್ನು ಕಾಣುವ ಭಾಗ್ಯವಿರಲಿಲ್ಲ. ಕಡೆದ ಶಿಲ್ಪಿಗೆ ಅದು ಲಭಿಸಿತು. ತಮ್ಮ ಎಂಬತ್ತೈದು ದಾಟಿದ ವಯಸ್ಸಿನಲ್ಲಿ ಮೂರ್ತಿಯ ಪ್ರತಿಷ್ಠೆಯಾದುದನ್ನು ಅವರು ಕಂಡರು. ಮೂರು ವರ್ಷಗಳ ಬಳಿಕ, 1985ರಲ್ಲಿ, ರೆಂಜಾಳ ಗೋಪಾಲ ಶೆಣೈಯವರು ನಿಧನರಾದರು. ಅವರು ಬಿಟ್ಟುಹೋದ ಮೂರ್ತಿಗೆ 1995, 2007 ಮತ್ತು 2019ರಲ್ಲಿ ಮಹಾಮಸ್ತಕಾಭಿಷೇಕಗಳು ನಡೆದಿವೆ.

ಸೇಡಂ ಶಾಸನದ ಪಾಠ

ಶಿವಾಲಯದ ಕ್ಷೇತ್ರ, ಜೈನ ಧರ್ಮಾಧಿಕಾರಿ, ವೈಷ್ಣವ ಅರ್ಚಕರು, ಸಾರಸ್ವತ ಶಿಲ್ಪಿ, ಇವರೆಲ್ಲರ ನಡುವೆ ಎದ್ದ ಬಾಹುಬಲಿಯನ್ನು ಕಂಡು ಇದು ಆಧುನಿಕ ಕಾಲದ ಔದಾರ್ಯವೆಂದು ಭಾವಿಸುವವರುಂಟು. ಅಂಥವರು ಸೇಡಮ್ಮಿನ ಶಾಸನವೊಂದನ್ನು ನೆನೆಯಬೇಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಕ್ರಿ. ಶ. 1124ರಲ್ಲಿ, ಸೇಡಂ ಅಗ್ರಹಾರದ ಮುನ್ನೂರು ಮಹಾಜನರು ಶಾಂತಿನಾಥ ತೀರ್ಥಂಕರನ ಬಸದಿಯನ್ನು ಕಟ್ಟಿಸಿ, ಅದಕ್ಕೆ ಹೊನ್ನಿನ ಕಳಶವನ್ನಿಟ್ಟರು. ವೈದಿಕ ವಿದ್ವಾಂಸರ ಅಗ್ರಹಾರವೇ ಜಿನಾಲಯವನ್ನು ಕಟ್ಟಿಸಿದ ಈ ಪ್ರಸಂಗವು ದಕ್ಷಿಣದ ಇತಿಹಾಸದಲ್ಲಿ ವಿರಳವಾದುದು. ಇದೇ ಸೀಮೆಯ ನಾಗಾವಿಯಲ್ಲಿ ಅದಕ್ಕೂ ಮುಂಚೆ, 1058ರ ಶಾಸನದಲ್ಲಿ, ಘಟಿಕಾಸ್ಥಾನದ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮಾತ್ರವಲ್ಲದೆ ಆರು ಮಂದಿ ಸರಸ್ವತೀ ಭಂಡಾರಿಗಳಿಗೂ, ಅಂದರೆ ಗ್ರಂಥಗಳನ್ನು ಕಾಯುವವರಿಗೂ, ವೃತ್ತಿಯನ್ನು ನಿಗದಿಪಡಿಸಿದ ವಿಷಯವಿದೆ. ಗ್ರಂಥವನ್ನು ಬರೆದವರನ್ನಷ್ಟೇ ಅಲ್ಲ, ಕಾದವರನ್ನೂ ಎಣಿಕೆಗೆ ತೆಗೆದುಕೊಂಡ ನಾಡು ಇದು.

ಹೀಗಿದ್ದೂ ಸೇಡಮ್ಮಿನ ಆ ಶಾಂತಿನಾಥನನ್ನು ಕಡೆದವನಾರು? ಮಳಖೇಡದ ಬಸದಿಯ ಕಂಬಗಳನ್ನು ತಿರುಗಿಸಿ ನಯಗೊಳಿಸಿದ ಕೈಗಳಾರವು? 96 ಬಿಂಬಗಳ ಮಂಟಪವನ್ನು ಎರಕ ಹೊಯ್ದವನಾರು? ಈ ಪ್ರಶ್ನೆಗಳ ಮುಂದೆ ಇತಿಹಾಸವು ಮೌನವಾಗಿದೆ. ಮುನ್ನೂರು ಮಹಾಜನರಿಗೆ ದೊರೆತ ಸಾಲು ಒಬ್ಬ ಶಿಲ್ಪಿಗೆ ದೊರೆಯಲಿಲ್ಲ.

ಹೆಸರು ಉಳಿಯಬೇಕಾದ ಕಾರಣ

ಶಿಲ್ಪಿಯ ಹೆಸರನ್ನು ಉಳಿಸಬೇಕೆಂಬುದು ಕೀರ್ತಿಯ ಆಸೆಗಾಗಿ ಅಲ್ಲ. ಹೆಸರು ಉಳಿದಲ್ಲಿ ವಿದ್ಯೆಗೆ ವಂಶವೊಂದು ಏರ್ಪಡುತ್ತದೆ. 1604ರಿಂದ 1967ರವರೆಗಿನ ದೀರ್ಘವಾದ ಅಂತರದಲ್ಲಿ ವೇಣೂರಿನ ಶಿಲ್ಪಿಯು ಯಾರ ಶಿಷ್ಯ, ಯಾರ ಗುರು ಎಂಬುದನ್ನು ಹೇಳಬಲ್ಲವರಿಲ್ಲ. ಶೆಣೈಯವರ ಹೆಸರು ತಿಳಿದಿರುವುದರಿಂದ, ಅವರ ಮೂರ್ತಿಯನ್ನು ಕಂಡ ಹುಡುಗನೊಬ್ಬನು ತಾನೂ ಈ ವಿದ್ಯೆಯನ್ನು ಕಲಿಯಬಹುದೆಂದು ಭಾವಿಸಲು ಸಾಧ್ಯವಿದೆ. ದೇವರು ತಾನೇ ಮೂಡಿದನೆಂದು ನಂಬಿದವನು ಕೈಮುಗಿದು ಮರಳುತ್ತಾನೆ. ಮನುಷ್ಯನೊಬ್ಬನು ಮಾಡಿದನೆಂದು ತಿಳಿದವನು ಕೈಮುಗಿದು, ಉಳಿಯನ್ನೂ ಹಿಡಿಯುತ್ತಾನೆ. ಕಾರ್ಕಳ ಇಂದಿಗೂ ಶಿಲ್ಪಿಗಳ ಊರಾಗಿ ಉಳಿದಿದೆ. ಸಮೀಪದ ಮಿಯ್ಯಾರಿನಲ್ಲಿ ಸಿ. ಇ. ಕಾಮತ್ ಸ್ಮಾರಕವಾದ ಕುಶಲಕರ್ಮಿಗಳ ಸಂಸ್ಥೆಯು ಕಲ್ಲು, ಮರ, ಲೋಹಗಳ ಕೆಲಸವನ್ನು ತರುಣರಿಗೆ ಕಲಿಸುತ್ತಿದೆ.

ಈ ಸೀಮೆಗೂ ಇದರಲ್ಲಿ ಕಲಿಯಬೇಕಾದುದಿದೆ. ಶಹಾಬಾದ ಮತ್ತು ಚಿತ್ತಾಪುರಗಳ ಗಣಿಗಳಲ್ಲಿ ಕಲ್ಲಿನ ಪದರನ್ನು ಒಂದೇ ಹದದಲ್ಲಿ ಎಬ್ಬಿಸುವ ಕಾರ್ಮಿಕನ ಕೈಯಲ್ಲಿರುವ ವಿದ್ಯೆಯು ಸನ್ನತಿಯ ಫಲಕಗಳಷ್ಟೇ ಹಳೆಯದು. ಎಲ್ಲಿ ಆರೆಯನ್ನು ಇಟ್ಟರೆ ಕಲ್ಲು ನೇರವಾಗಿ ಬಿಡುವುದೆಂಬುದನ್ನು ಅವನು ದನಿಯಿಂದಲೇ ಅರಿಯುತ್ತಾನೆ. ಅವನು ಎಬ್ಬಿಸಿದ ಪರಸಿಯ ಮೇಲೆ ನಿಂತು ಭಕ್ತರು ಅಭಿಷೇಕವನ್ನು ನೋಡುವರು. ಮೂರ್ತಿಯನ್ನು ಕಡೆದವನಿಗೂ ಮೂರ್ತಿಯ ಎದುರಿನ ನೆಲವನ್ನು ಹಾಸಿದವನಿಗೂ ಒಂದೇ ಕುಲ. ಅದು ಕಲ್ಲಿನ ಮಾತನ್ನು ಆಲಿಸಬಲ್ಲವರ ಕುಲ.

ಪ್ರತಿಷ್ಠೆಯೊಂದು ನಡೆದಾಗ ಶಿಲಾಫಲಕವೊಂದು ಸಿದ್ಧವಾಗುತ್ತದೆ. ದಾನಿಗಳ ಹೆಸರುಗಳು, ಆಚಾರ್ಯರ ಹೆಸರುಗಳು, ತಿಥಿ ವಾರಗಳು ಅದರಲ್ಲಿ ಇರುತ್ತವೆ, ಇರಬೇಕಾದುದೂ ಧರ್ಮವೇ. ಆ ಫಲಕದ ಕೊನೆಯಲ್ಲಿ ಒಂದು ಸಾಲಿನ ಸ್ಥಳವನ್ನು ಬಿಡುವುದು ಕಷ್ಟವಲ್ಲ. ಮಾಡಿಸಿದವರ ಸಾಲುಗಳೆಲ್ಲ ಮುಗಿದ ಬಳಿಕ, ಮಾಡಿದವನ ಹೆಸರನ್ನು, ಅವನ ಊರನ್ನು, ಅವನ ಗುರುವಿನ ಹೆಸರನ್ನು ಅಲ್ಲಿ ಕೆತ್ತಬಹುದು. ಮುಂದಿನ ಸಾವಿರ ವರ್ಷಗಳ ಬಳಿಕ ಯಾರಾದರೂ ಆ ಫಲಕವನ್ನು ಓದಿದರೆ, ಮಳಖೇಡದ ಕಂಬಗಳ ಮುಂದೆ ಇಂದಿನವರು ನಿರುತ್ತರರಾಗಿ ನಿಲ್ಲುವಂತೆ ಅವರು ನಿಲ್ಲಬೇಕಾಗದು.